ಸ್ಲೈಡಿಗಿಂತ ಮೊದಲು ಪ್ರಶ್ನೆ

ಚಿ. ಪ್ರಮೋದನಿಗೆ, ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಆನ್‌ಲೈನ್ ಕೋರ್ಸಿನ ಕರಡು ನೋಡಿದೆ. 70 ಸ್ಲೈಡು, ಕೊನೆಯಲ್ಲಿ 10 ಪ್ರಶ್ನೆ. ಬಣ್ಣ, ಅನಿಮೇಶನ್ ಎಲ್ಲ ಅಚ್ಚುಕಟ್ಟಾಗಿವೆ. ಆದರೆ ಇಮೇಲ್ ವಂಚನೆಯ ಬಗ್ಗೆ ಇಷ್ಟೆಲ್ಲ ಓದಿದ ನೌಕರ ನಾಳೆ ತನ್ನ ಕೆಲಸದಲ್ಲಿ ಏನನ್ನು ಬೇರೆ ರೀತಿ ಮಾಡಬೇಕು ಅನ್ನುವುದು ಎಲ್ಲೂ ಇಲ್ಲ. ಕೋರ್ಸ್ ಬೇಜಾರು ಹಿಡಿಸುವುದು ಅಲ್ಲಿಂದಲೇ. ಬ್ಯಾಡ್ಜು, ಅಂಕಗಳನ್ನು ಎಷ್ಟು ಸೇರಿಸಿದರೂ ಆ ಕೊರತೆ ತುಂಬದು.

ಸದ್ಯಕ್ಕೆ ಸ್ಲೈಡಿಗೆ ಕೈ ಹಾಕಬೇಡ. ಆ ಕೆಲಸ ಮಾಡುವ ಮೂರ್ನಾಲ್ಕು ಜನರ ಜೊತೆ ಕೂತು, ಎಲ್ಲಿ ಎಡವುತ್ತಾರೆ, ಯಾಕೆ ಎಂದು ಕೇಳು. ಗೊತ್ತಿಲ್ಲದೆ ಎಡವುತ್ತಿದ್ದರೆ ಕೋರ್ಸ್ ಬೇಕು. ಗೊತ್ತಿದ್ದೂ ಮೇಲಿನವರ ಅವಸರಕ್ಕೆ ಹಾಗೆ ಮಾಡುತ್ತಿದ್ದರೆ ಯಾವ ಕೋರ್ಸಿನಿಂದಲೂ ಅದು ಸರಿಹೋಗದು. ಮ್ಯಾನೇಜರಿಗೆ ನೇರವಾಗಿ ಹಾಗೇ ಹೇಳು. ವಿಷಯತಜ್ಞರಿಗೆ ತಮ್ಮ ವಿಷಯದಲ್ಲಿ ಎಲ್ಲವೂ ಮುಖ್ಯ. "ಇದು ಗೊತ್ತಿಲ್ಲದಿದ್ದರೆ ಏನು ಕೆಡುತ್ತದೆ?" ಎಂದು ಒಂದೊಂದಕ್ಕೂ ಕೇಳುತ್ತ ಹೋದರೆ ಬಹಳಷ್ಟು ತಾನಾಗಿ ಉದುರುತ್ತದೆ. ಉದುರಿದ್ದನ್ನು ಒಂದು ಪುಟದ ಕೈಪಿಡಿ ಮಾಡಿ ಡೌನ್‌ಲೋಡಿಗೆ ಇಡು.

ಉಳಿದದ್ದಕ್ಕೆ ಮೊದಲು ಪ್ರಶ್ನೆ ಬರೆ, ಆಮೇಲೆ ಪಾಠ. "ಫಿಶಿಂಗ್ ಎಂದರೇನು?" ಎಂದು ಕೇಳಿದ್ದೀಯ. ಅದರ, ಅಂದರೆ ನಕಲಿ ಇಮೇಲಿನ ಮೋಸದ, ವ್ಯಾಖ್ಯೆ ಬಾಯಿಪಾಠ ಇದ್ದವರೂ ಮೋಸಹೋಗುತ್ತಾರೆ. ಹೀಗೆ ಕೇಳಿ ನೋಡು: ಸಂಜೆ ಐದೂವರೆ. ಲೆಕ್ಕಪತ್ರ ವಿಭಾಗದವಳಿಗೆ ನಿರ್ದೇಶಕರ ಹೆಸರಿನಲ್ಲಿ ಇಮೇಲ್ ಬಂದಿದೆ. "ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ. ಈ ಖಾತೆಗೆ ಈಗಲೇ ಹಣ ಹಾಕಿ." ಅವಳ ಮುಂದಿರುವ ದಾರಿಗಳು ಮೂರು: ಹಣ ಹಾಕುವುದು, "ನೀವೇನಾ ಸರ್?" ಎಂದು ಅದೇ ಇಮೇಲಿಗೆ ಉತ್ತರಿಸುವುದು, ಕಚೇರಿಯ ಪಟ್ಟಿಯಲ್ಲಿರುವ ನಂಬರಿಗೆ ಫೋನ್ ಮಾಡುವುದು. ಪ್ರಶ್ನೆಯ ಜೀವ ಇರುವುದು ಎರಡನೆಯದರಲ್ಲಿ. ನೋಡಲಿಕ್ಕೆ ಜಾಣತನ, ಆದರೆ ಉತ್ತರ ತಲುಪುವುದು ಕಳ್ಳನಿಗೇ. ತಪ್ಪು ಆಯ್ಕೆ ಅಂದರೆ ಒಳ್ಳೆಯ ನೌಕರರೂ ಅವಸರದಲ್ಲಿ ಮಾಡಿಬಿಡುವಂಥದ್ದು. ಅಂಥವು ಎರಡು ಸಿಕ್ಕರೆ ಸಾಕು. ನಾಲ್ಕು ತುಂಬಿಸಲೆಂದು "ಮೇಲಿನ ಎಲ್ಲವೂ" ಸೇರಿಸಬೇಡ. ಇನ್ನೊಂದು, ನಿನ್ನ ಸರಿಯುತ್ತರಗಳು ಹೆಚ್ಚುಕಮ್ಮಿ ಎಲ್ಲ ಕಡೆಯೂ ಉಳಿದವಕ್ಕಿಂತ ಉದ್ದ. ಪಾಠ ಓದದವರೂ ಉದ್ದ ನೋಡಿಯೇ ಪಾಸಾಗುತ್ತಾರೆ! ಕ್ಲಿಕ್ ಮಾಡಿದ ಮೇಲೆ ಕೆಂಪಕ್ಷರದ "ತಪ್ಪು" ಬೇಡ. ಮುಂದೇನಾಯಿತು ಎಂದು ತೋರಿಸು: ಎರಡೇ ನಿಮಿಷದಲ್ಲಿ "ಹೌದು ನಾನೇ, ಬೇಗ" ಎಂಬ ಉತ್ತರ ಬಂತು, ಹಣ ಹೋಯಿತು.

ವಿಡಿಯೋ ಚಿಕ್ಕದಿರಲಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಡಿಯೋ ಎಷ್ಟೇ ಉದ್ದವಿದ್ದರೂ ಜನ ನೋಡಿದ ಸಮಯದ ಮಧ್ಯಾಂಕ 6 ನಿಮಿಷ ದಾಟಲಿಲ್ಲ. ಪರದೆಯ ಮೇಲಿನ ಸಾಲುಗಳನ್ನೇ ದನಿಯಲ್ಲಿ ಓದಿಸಬೇಡ. ಕಣ್ಣು ಮುಂದೆ ಓಡುತ್ತದೆ, ಕಿವಿ ಹಿಂದುಳಿಯುತ್ತದೆ, ಎರಡೂ ತಲೆಗೆ ಹೋಗುವುದಿಲ್ಲ. ಚಿತ್ರಕ್ಕೆ ದನಿ ಕೊಡು. ಕಿವಿ ಕೇಳದವರಿಗೆ, ಗದ್ದಲದಲ್ಲಿ ನೋಡುವವರಿಗೆ ಬೇಕಾದಾಗ ಹಾಕಿಕೊಳ್ಳುವಂತೆ ಸಬ್‌ಟೈಟಲ್ ಇರಲಿ. ತಿಳಿಬೂದು ಅಕ್ಷರಗಳು ಚಂದ ಕಂಡರೂ ಓದಲಾಗುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ (ಕಾಂಟ್ರಾಸ್ಟ್) ಬೇಕು.

ಎಲ್ಲರಿಗೂ ಗೊತ್ತಾಗದ ತಾಂತ್ರಿಕ ಗುಂಡಿ ಒಂದಿದೆ. ನೀನು ಸ್ಕಾರ್ಮ್ 1.2ರಲ್ಲಿ, ಅಂದರೆ ಆನ್‌ಲೈನ್ ಕೋರ್ಸುಗಳನ್ನು ಕಟ್ಟಿಕೊಡುವ ಮಾನದಂಡದ ಹಳೆಯ ಆವೃತ್ತಿಯಲ್ಲಿ, ಪ್ಯಾಕೇಜ್ ಮಾಡಿದ್ದೀಯ. ಅದರಲ್ಲಿ ಕಲಿಯುವವರು ಎಲ್ಲಿಗೆ ನಿಲ್ಲಿಸಿದರು ಎಂಬ ಮಾಹಿತಿಗೆ ಸಿಗುವ ಜಾಗ 4096 ಅಕ್ಷರ. ಕೋರ್ಸ್ ಉದ್ದವಾಗಿ ಅದು ತುಂಬಿಹೋದರೆ, ಮಧ್ಯದಲ್ಲಿ ಎದ್ದುಹೋದವರು ವಾಪಸ್ ಬಂದಾಗ ಮತ್ತೆ ಮೊದಲ ಸ್ಲೈಡಿನಲ್ಲೋ ಹಳೆಯ ಜಾಗದಲ್ಲೋ ತೆರೆದುಕೊಳ್ಳಬಹುದು. ಆಮೇಲೆ ಅವರು ಮತ್ತೆ ಬರುವುದು ಅನುಮಾನ. ಹತ್ತು ನಿಮಿಷದ ತುಂಡುಗಳಾಗಿ ಒಡೆ. ಆಗುವುದಿಲ್ಲವೆಂದರೆ, ಕೋರ್ಸ್ ನಡೆಸುವ ತಂತ್ರಾಂಶವಾದ ನಿಮ್ಮ ಎಲ್‌ಎಂಎಸ್‌ಗೆ ಹೊಂದುವಂತಿದ್ದಲ್ಲಿ ಸ್ಕಾರ್ಮ್ 2004ರ ನಾಲ್ಕನೇ ಆವೃತ್ತಿ ಬಳಸು, ಅದರಲ್ಲಿ 64000 ಅಕ್ಷರದ ಜಾಗವಿದೆ.

ಒಂದೇ ಸಲ ಕಲಿತದ್ದು ಮರೆಯುತ್ತದೆ. ಕೋರ್ಸ್ ಮುಗಿದ ಮೂರನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ ಹೊಸ ಸನ್ನಿವೇಶದ ಒಂದೊಂದೇ ಪ್ರಶ್ನೆ ಕಳಿಸು. ಪಾಠವನ್ನೇ ಮತ್ತೆ ಕಳಿಸುವುದಕ್ಕಿಂತ ಇದರಿಂದ ಲಾಭ ಹೆಚ್ಚು. ಎಷ್ಟು ಜನ ಮುಗಿಸಿದರು ಅನ್ನುವ ಲೆಕ್ಕ ಮೇಲಿನವರಿಗೆ ಕೊಡು, ತಪ್ಪಿಲ್ಲ. ನೀನು ನೋಡಬೇಕಾದ್ದು, ಅನುಮಾನದ ಇಮೇಲುಗಳನ್ನು ಐಟಿಯವರಿಗೆ ತಿಳಿಸುವವರು ಕೋರ್ಸಿಗೆ ಮುಂಚೆ ಎಷ್ಟಿದ್ದರು, ಮೂರು ತಿಂಗಳ ನಂತರ ಎಷ್ಟಾದರು ಎಂಬುದನ್ನು. ಮುಂಚಿನ ಅಂಕಿಯನ್ನು ಈಗಲೇ ತೆಗೆದಿಟ್ಟುಕೋ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಹೊಸ ಪ್ರಶ್ನೆಗಳು ಐದಾದರೂ ಆದಮೇಲೆ ಕಳಿಸು, ನೋಡುತ್ತೇನೆ. ಸ್ಲೈಡ್ ಬೇಡ.

ಇತಿ,
ನಿನ್ನ ಅತ್ತೆ