ತೋಳಿಗೆ ಪಟ್ಟಿ, ಮಿದುಳಿಗೆ ರಕ್ಷೆ?

ಮಾನ್ಯ ಸಂಪಾದಕರೇ,

ರಕ್ತದೊತ್ತಡ ಅಳೆಯುವ ಪಟ್ಟಿಯಂಥದ್ದನ್ನು ತೋಳಿಗೆ ಬಿಗಿದು, 5 ನಿಮಿಷ ರಕ್ತಸಂಚಾರ ತಡೆದು ಮತ್ತೆ 5 ನಿಮಿಷ ಸಡಿಲಿಸುವುದನ್ನು ಹಲವು ಬಾರಿ ಮಾಡಿದರೆ ಪಾರ್ಶ್ವವಾಯುವಿನಿಂದ ಮಿದುಳಿಗಾಗುವ ಹಾನಿ ತಗ್ಗೀತು ಎಂಬ ಸುದ್ದಿ ಹುಸಿಯೇನಲ್ಲ. 1986ರಲ್ಲಿ ನಾಯಿಗಳ ಹೃದಯದಲ್ಲಿ, 1990ರಲ್ಲಿ ಜರ್ಬಿಲ್ ಇಲಿಗಳ ಮಿದುಳಿನಲ್ಲಿ, ಮೊದಲೇ ಅಲ್ಪಕಾಲ ರಕ್ತದ ಕೊರತೆ ಕಂಡ ಅಂಗಾಂಶ ಅನಂತರದ ದೊಡ್ಡ ಆಘಾತವನ್ನು ಹೆಚ್ಚು ತಾಳಿಕೊಂಡಿತ್ತು. ಮನುಷ್ಯರ ವಿಷಯ ಬೇರೆ. ಪಾರ್ಶ್ವವಾಯು ಬಡಿದ ಮೇಲೆ ಹೀಗೆ ಪಟ್ಟಿ ಬಿಗಿದ ಚೀನಾದ ಅಧ್ಯಯನದಲ್ಲಿ (2022) 90 ದಿನಗಳ ಬಳಿಕ ಚೆನ್ನಾಗಿ ಚೇತರಿಸಿಕೊಂಡವರು ಶೇ 67, ಈ ಚಿಕಿತ್ಸೆ ಪಡೆಯದವರಲ್ಲಿ ಶೇ 62. ಮರುವರ್ಷದ ಡೆನ್ಮಾರ್ಕ್ ಅಧ್ಯಯನದಲ್ಲಿ ಗಣನೀಯ ಲಾಭವೇ ಕಾಣಲಿಲ್ಲ. ಹಾಗಿರುವಾಗ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ಮೊದಲ ನಾಲ್ಕೂವರೆ ಗಂಟೆಯ ಅವಕಾಶವನ್ನು ಮನೆಯಲ್ಲಿ ಪಟ್ಟಿ ಬಿಗಿಯುತ್ತ ಕಳೆಯದೆ, ಬಾಯಿ ಸೊಟ್ಟಗಾದೊಡನೆ 108ಕ್ಕೆ ಕರೆ ಮಾಡಬೇಕೆಂಬುದನ್ನೂ ಇಂಥ ಸುದ್ದಿಯ ಜೊತೆಗೇ ಮುದ್ರಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ