ಭಾನುವಾರದ ಬಾರ್‌ಕ್ಯಾಂಪ್: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ 9.30ಕ್ಕೆ ಮಂಗಳೂರು ಬಲ್ಮಠದ, ಕಳೆದ ಸಲದ ಅದೇ ಹಾಲ್‌ನಲ್ಲಿ ನಮ್ಮ ಬಾರ್‌ಕ್ಯಾಂಪ್. ಅಂದರೆ ಭಾಷಣಕಾರರನ್ನು ಮೊದಲೇ ಗೊತ್ತು ಮಾಡದೆ, ಬಂದವರೇ ಮಾತಾಡುವ ಕೂಟ. ಪ್ರವೇಶ ಉಚಿತ.

"ಭಾಷಣಕಾರರ ಪಟ್ಟಿ ಹಾಕಿ" ಅಂತ ನಾಲ್ಕೈದು ಮಂದಿ ಕೇಳಿದ್ದೀರಿ. ಪಟ್ಟಿ ಇಲ್ಲ ಮಾರಾಯ್ರೆ, ಭಾಷಣಕಾರರು ನೀವೇ! 2005ರ ಆಗಸ್ಟ್‌ನಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಮೊದಲ ಬಾರ್‌ಕ್ಯಾಂಪ್ ನಡೆದದ್ದೂ ಹೀಗೇ, ಅದೂ ಒಂದು ವಾರದೊಳಗಿನ ತಯಾರಿಯಲ್ಲಿ. ಬಂದ ಕೂಡಲೇ ಚೀಟಿಯಲ್ಲಿ ಹೆಸರು, ವಿಷಯ ಬರೆದು ಗೋಡೆಯ ವೇಳಾಪಟ್ಟಿಯಲ್ಲಿ ಖಾಲಿ ಇರುವಲ್ಲಿ ಅಂಟಿಸಿ. ಒಬ್ಬರಿಗೆ 30 ನಿಮಿಷ. ಹೊಸಬರು ಹೆದರಬೇಡಿ, ಕಳೆದ ಸಲ ಕೋಣೆ ತುಂಬಿದ್ದು ಮೀನಿನ ದರ ತಾನೇ ತಿಳಿಸುವ ಬಾಟ್ ಪ್ರೋಗ್ರಾಂ ಮಾಡಿದ ಡಿಗ್ರಿ ಹುಡುಗಿಯ ಮಾತಿಗೆ. ಹಿಡಿಸದಿದ್ದರೆ ಎದ್ದು ಪಕ್ಕದ ಕೋಣೆಗೆ ಹೋಗಿ, ಯಾರಿಗೂ ಬೇಜಾರಿಲ್ಲ. ಕಂಪನಿ ಪ್ರಚಾರ ಮಾತ್ರ ಬೇಡ.

ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದವರು ತನ್ನಿ. ಹೋದ ಸಲ ಒಂದೇ ಪ್ಲಗ್ಗಿಗೆ ಹನ್ನೊಂದು ಚಾರ್ಜರ್ ನೇತಾಡಿ ಫ್ಯೂಸ್ ಹೋಗಿತ್ತು. ಒದ್ದೆ ಕೊಡೆ ಬಾಗಿಲ ಬಳಿಯ ಬಕೆಟ್‌ನಲ್ಲಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೇನೆ" ಅಂತ ಹಾಕಿ, ಊಟ ವೆಜ್ಜೋ ನಾನ್‌ವೆಜ್ಜೋ ತಿಳಿಸಿ. ಗೋಳಿಬಜೆಗೂ ಇದೇ ಲೆಕ್ಕ. ಕುರ್ಚಿ ಹಾಕಲು 8 ಗಂಟೆಗೆ ನಾಲ್ವರು ಬೇಕು. ಯಾರು ಬರ್ತೀರಿ?