ಪಿಂಗಾಣಿ ಸೆಟ್ಟನ್ನು ಪಾಲು ಹಾಕುವ ಮೊದಲು

ಪ್ರೀತಿಯ ಮಂಜು,

ಅಮ್ಮನ ಡಿನ್ನರ್ ಸೆಟ್ಟನ್ನು ಮಾರುವುದೋ ಇಟ್ಟುಕೊಳ್ಳುವುದೋ ಅಂತ ಕೇಳಿದ್ದೀಯ. ಮೂವರೂ ನಾಲ್ಕು ನಾಲ್ಕು ತಟ್ಟೆ ಹಂಚಿಕೊಂಡರೆ ತಕರಾರಿರಲ್ಲ ಅಂತ ಅಕ್ಕ ಹೇಳಿದ್ದಾರೆ ಅಂತಲೂ ಬರೆದಿದ್ದೀಯ. ಅದೊಂದನ್ನು ಈಗಲೇ ಮಾಡಬೇಡಿ. ಪಿಂಗಾಣಿಗೆ ಬೆಲೆ ಬರುವುದು ಸೆಟ್ ಪೂರ್ತಿ ಇದ್ದಾಗ. ಹನ್ನೆರಡು ಜನರ ಸೆಟ್ ಮೂರು ಮನೆಗೆ ಒಡೆದು ಹೋದರೆ ಮೂರು ಪಾಲು ಸೇರಿಸಿದರೂ ಮೊದಲಿನ ಬೆಲೆ ಬರುವುದಿಲ್ಲ. ಸೂಪ್ ಪಾತ್ರೆ, ಅದರ ಮುಚ್ಚಳ, ದೊಡ್ಡ ಉದ್ದ ತಟ್ಟೆ, ಗ್ರೇವಿ ಬಟ್ಟಲು, ಇವು ಸೆಟ್ಟಿಗೆ ಒಂದೊಂದೇ ಇರುತ್ತವೆ. ಕೊಳ್ಳುವವರು ಮೊದಲು ಕೇಳುವುದೂ ಇವನ್ನೇ.

ಮೊದಲು ಅದು ಏನು ಅಂತ ತಿಳಿದುಕೋ. ಕತ್ತಲ ಕೋಣೆಯಲ್ಲಿ ತಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ನಡುವೆ ಬೆರಳಿಡು. ಬೆರಳಿನ ನೆರಳು ಕಂಡರೆ ಅದು ಪೋರ್ಸಲೇನ್ ಅಥವಾ ಬೋನ್ ಚೈನಾ. ಬೆಳಕು ದಾಟದಿದ್ದರೆ ಬಹುಪಾಲು ಮಣ್ಣಿನ ಸಾಮಾನೇ, ಅದಕ್ಕೆ ಸಾಮಾನ್ಯವಾಗಿ ದೊಡ್ಡ ಬೆಲೆಯಿಲ್ಲ. ಬೋನ್ ಚೈನಾದಲ್ಲಿ ಸುಟ್ಟ ಮೂಳೆಯ ಬೂದಿ ಅರ್ಧದಷ್ಟು ಇರುವುದರಿಂದ ಬಿಳುಪಿನಲ್ಲೇ ಸ್ವಲ್ಪ ಕೆನೆ ಬಣ್ಣ ಇರುತ್ತದೆ. ಗಟ್ಟಿ ಪೋರ್ಸಲೇನ್ ತುಸು ನೀಲಿ ಕಡೆಗೆ ವಾಲುತ್ತದೆ.

ಆಮೇಲೆ ಹಿಂಬದಿಯ ಮುದ್ರೆ. ‘ನಿಪ್ಪಾನ್’ ಎಂದಿದ್ದರೆ ಸಾಧಾರಣವಾಗಿ 1891ರಿಂದ 1921ರ ನಡುವಿನ ಜಪಾನಿ ರಫ್ತು ಮಾಲು. ಆಮೇಲಿನದ್ದರಲ್ಲಿ ‘ಜಪಾನ್’ ಎಂದೇ ಇರುತ್ತದೆ. ಜಪಾನಿನ ನೊರಿಟಾಕೆ ಕಂಪನಿಯದಾಗಿದ್ದರೆ ಮುದ್ರೆಯ ಹೂಮಾಲೆಯೊಳಗಿನ ಇಂಗ್ಲಿಷ್ ಅಕ್ಷರ ನೋಡು: ಎಂ ಇದ್ದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನದು, ಎನ್ ಇದ್ದರೆ 1953ರ ನಂತರದ್ದು. ಇಂಗ್ಲೆಂಡಿನ ಸಾಮಾನಿನಲ್ಲಿ ‘ಇಂಗ್ಲೆಂಡ್’ ಅಂತ ದೇಶದ ಹೆಸರು ಬಂದದ್ದು ಹೆಚ್ಚಾಗಿ 1891ರ ಮೇಲೆ; ‘ಬೋನ್ ಚೈನಾ’ ಅಂತ ಬರೆದಿದ್ದರೆ ಅದು ಇಪ್ಪತ್ತನೇ ಶತಮಾನದ್ದು. ವಿನ್ಯಾಸದ ಹೆಸರೋ ನಂಬರೋ ಇದ್ದರೆ ಬರೆದಿಟ್ಟುಕೋ. ಮಾರುವಾಗ ಕೆಲಸಕ್ಕೆ ಬರುವುದು ಕಂಪನಿಯ ಹೆಸರಿಗಿಂತ ಅದೇ ಹೆಚ್ಚು.

ಈಗ ಸ್ಥಿತಿ. ಬೆಲೆ ನಿಲ್ಲುವುದೂ ಬೀಳುವುದೂ ಇಲ್ಲೇ, ಹಾಗಾಗಿ ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಕೊಡು. ತಟ್ಟೆಯನ್ನು ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿ, ಅಂಚಿಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟು. ಒಳ್ಳೆಯ ತಟ್ಟೆ ಗಂಟೆಯಂತೆ ಉದ್ದಕ್ಕೆ ನುಡಿಯುತ್ತದೆ. ‘ಟಪ್’ ಅಂತ ಸತ್ತ ಸದ್ದು ಬಂದರೆ ಕೂದಲೆಳೆಯ ಬಿರುಕಿರಬಹುದು, ಕಣ್ಣಿಗೆ ಕಾಣದಿದ್ದರೂ. ಅಂಚಿನ ಸುತ್ತ ಉಗುರು ಓಡಿಸು, ಚಿಪ್ಪೆದ್ದ ಜಾಗ ಉಗುರಿಗೆ ಸಿಗುತ್ತದೆ. ಅಂಗಡಿಯವರು ನೋಟು ಪರೀಕ್ಷಿಸುವ ಯುವಿ ಟಾರ್ಚ್ ಸಿಕ್ಕರೆ ಕತ್ತಲಲ್ಲಿ ಹಾಯಿಸಿ ನೋಡು. ಹಳೆಯ ಅಂಟು, ಮೇಲೆ ಬಳಿದ ಬಣ್ಣ ಉಳಿದ ಮೈಗಿಂತ ಬೇರೆಯಾಗಿ ಹೊಳೆಯಬಹುದು. ಮೆರುಗಿನ, ಅಂದರೆ ಮೇಲಿನ ಗಾಜಿನಂಥ ಪದರದ, ಮೇಲೆ ಜೇಡರ ಬಲೆಯಂಥ ಗೆರೆಗಳಿದ್ದರೆ ಮೆರುಗು ಬಿರಿದಿದೆ ಅಂತರ್ಥ. ಅಂಥದರಲ್ಲಿ ಸಾರು, ಅರಿಶಿನ ಒಳಗಿಳಿದು ಹಳದಿ ಕಲೆ ನಿಲ್ಲುತ್ತದೆ, ಊಟಕ್ಕೆ ಬೇಡ. ನಡುವೆ ಬೂದು ಗೆರೆಗಳಿದ್ದರೆ ಗಾಬರಿಯಾಗಬೇಡ, ಅದು ಬಹುಮಟ್ಟಿಗೆ ಸ್ಟೀಲ್ ಚಮಚ ಬಿಟ್ಟ ಲೋಹದ ಗುರುತು. ಅಡಿಗೆ ಸೋಡಾ ನೀರಲ್ಲಿ ಕಲಸಿ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಬಹಳಷ್ಟು ಹೋಗುತ್ತದೆ, ಚಿನ್ನದ ಗೆರೆಯ ಹತ್ತಿರ ಮಾತ್ರ ಹೋಗಬೇಡ.

ಚಿನ್ನದ ಗೆರೆಯ ವಿಷಯ ಬಂತಲ್ಲ, ಅದು ಮೆರುಗಿನ ಮೇಲೆ ಕೂತ ತೆಳು ಪದರ. ನಮ್ಮಲ್ಲಿ ಹಿತ್ತಾಳೆಗೆ ಉಜ್ಜುವ ಹುಣಸೆಹಣ್ಣು, ಪಾತ್ರೆ ಪುಡಿ, ನಾರು ಯಾವುದೂ ಅದಕ್ಕೆ ತಾಕಬಾರದು. ಮೈಕ್ರೋವೇವ್‌ನಲ್ಲಿ ಕಿಡಿ ಹಾರುತ್ತದೆ. ಡಿಶ್‌ವಾಶರ್‌ ಕೂಡ ಬೇಡ. ನಿಮ್ಮ ದಾವಣಗೆರೆ ಮನೆಯ ಬೋರ್ ನೀರು ಗಡಸಾದ್ದರಿಂದ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಪೊರೆ ಕೂರುತ್ತದೆ. ಕೊನೆಯ ಸಲ ಫಿಲ್ಟರ್ ನೀರಲ್ಲಿ ಅದ್ದಿ, ತಕ್ಷಣ ಬಟ್ಟೆಯಲ್ಲಿ ಒರೆಸಿಬಿಡು. ಹಳೆಯ ಗಾಢ ಬಣ್ಣಗಳಲ್ಲಿ ಸೀಸ ಇರಬಹುದು. ಅದಕ್ಕೇ ಉಪ್ಪಿನಕಾಯಿ, ಹುಳಿ, ಮೊಸರು, ನಿಂಬೆರಸ ಅದರಲ್ಲಿ ಇಟ್ಟಿಡಬಾರದು. ಬೆಣ್ಣೆದೋಸೆ ಬಡಿಸಿ ತಿಂದು ತೊಳೆದಿಟ್ಟರೆ ಸಾಕು, ಆದರೆ ಬಣ್ಣ ಒಳಮೈಯಲ್ಲಿದ್ದು ಸವೆದಿದ್ದರೆ ಅದನ್ನೂ ಮಾಡಬೇಡ.

ಬೆಲೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಜಾಹೀರಾತಿನಲ್ಲಿ ಬರೆದ ಬೆಲೆ ಕೇಳಿದ ಬೆಲೆ, ಸಿಕ್ಕ ಬೆಲೆಯಲ್ಲ. ಮಾರಾಟವಾದ ವಸ್ತುಗಳನ್ನು ಬೇರೆ ತೋರಿಸುವ ಸೈಟುಗಳಲ್ಲಿ ಅದೇ ವಿನ್ಯಾಸವನ್ನು ಹುಡುಕು, ಅದೇ ನಿಜ. ಡಿನ್ನರ್ ಸೆಟ್ಟಿನ ಬೇಡಿಕೆ ಎಲ್ಲೆಡೆ ಇಳಿದಿದೆ. ಮನೆಗಳು ಚಿಕ್ಕವಾದವು, ಹನ್ನೆರಡು ಜನ ಒಟ್ಟಿಗೆ ಕೂತು ಉಣ್ಣುವುದೂ ಕಡಿಮೆಯಾಯಿತು. ಗುಜರಿಯವನಿಗೆ ಪಿಂಗಾಣಿ ತೂಕಕ್ಕೂ ಬೇಡ. ಬೆಂಗಳೂರಿನ ಹಳೆಯ ಸಾಮಾನಿನ ವ್ಯಾಪಾರಿಗೆ ತೋರಿಸುವುದಾದರೆ ಮೊದಲು ಫೋಟೋ ಕಳಿಸು. 260 ಕಿಲೋಮೀಟರ್ ಒಯ್ದ ಮೇಲೆ ‘ಮುಚ್ಚಳ ಇಲ್ಲ, ಅರ್ಧಕ್ಕೆ ಕೊಡಿ’ ಅಂದರೆ ವಾಪಸ್ ತರುವುದಕ್ಕಿಂತ ಕೊಟ್ಟುಬಿಡೋಣ ಅನಿಸುತ್ತದೆ.

ನೂರು ವರ್ಷ ದಾಟಿದ್ದು ಅಂತ ಗೊತ್ತಾದರೆ ವಿದೇಶದ ಕೊಳ್ಳುವವರಿಗೆ ಕಳಿಸಲು ಒಪ್ಪಬೇಡ. 1972ರ ಪ್ರಾಚ್ಯವಸ್ತು ಕಾಯ್ದೆ ಖಾಸಗಿಯವರಿಗೆ ಅದನ್ನು ಬಿಡುವುದಿಲ್ಲ. ಇನ್ನೊಂದು, ಅಮ್ಮ ವಿಲ್ ಬರೆಯದೆ ಹೋಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ವಸ್ತುವಿನಲ್ಲಿ ಗಂಡು ಹೆಣ್ಣು ಮಕ್ಕಳಿಗೂ ಅಪ್ಪನಿಗೂ ಸಮಪಾಲು. ಮಾರುವುದಾದರೆ ಎಲ್ಲರ ಒಪ್ಪಿಗೆ ಬರಹದಲ್ಲಿರಲಿ.

ನನ್ನ ಮಾತು ಇಷ್ಟು: ಸೆಟ್ ಪೂರ್ತಿಯಿದ್ದು ಬಿರುಕಿಲ್ಲದಿದ್ದರೆ ಒಬ್ಬರೇ ಇಟ್ಟುಕೊಂಡು ಉಳಿದವರಿಗೆ ಬೇರೆ ವಸ್ತುವಿನಲ್ಲಿ ಸರಿದೂಗಿಸಿ, ಇಲ್ಲವೇ ಇಡೀ ಸೆಟ್ ಮಾರಿ ಹಣ ಹಂಚಿಕೊಳ್ಳಿ. ಮೂರು ನಾಲ್ಕು ತುಂಡು ಆಗಲೇ ಇಲ್ಲ ಅಂದರೆ ಮಾರುವ ಆಸೆ ಬಿಡಿ. ಆಗ ಅಕ್ಕ ಹೇಳಿದಂತೆ ಹಂಚಿಕೊಂಡು, ಮೆರುಗು ಬಿರಿದದ್ದು, ಬಣ್ಣ ಸವೆದದ್ದು ಬಿಟ್ಟು ಉಳಿದದ್ದನ್ನು ದಿನಾ ಬಳಸಿ.

ಸಾಗಿಸುವಾಗ ತಟ್ಟೆಗಳನ್ನು ಮಲಗಿಸಬೇಡ, ಅಂಚಿನ ಮೇಲೆ ನಿಲ್ಲಿಸು. ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತು. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಹತ್ತುತ್ತದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎರಡು ಇಂಚು ಕಾಗದದ ತುಂಬು. ಕಪ್ಪುಗಳ ಹಿಡಿಗೆ ಬೇರೆ ಸುತ್ತು ಬೇಕು, ಒಂದರೊಳಗೊಂದು ಇಡಬಾರದು. ಕೊರಿಯರ್‌ನವರು ಪಿಂಗಾಣಿ ಒಡೆದರೆ ಪರಿಹಾರ ಕೊಡುತ್ತಾರೋ ಅಂತ ಬುಕ್ ಮಾಡುವ ಮೊದಲೇ ಕೇಳು. ಹಲವರು ಕೊಡುವುದಿಲ್ಲ.

ಮುದ್ರೆಯ ಫೋಟೋ, ಎಣಿಸಿದ ಪಟ್ಟಿ, ಅಂಚು ಚಿಪ್ಪೆದ್ದವು ಎಷ್ಟು ಅನ್ನುವುದು, ಈ ಮೂರನ್ನೂ ಕಳಿಸು. ಅಕ್ಕ ದೀಪಾವಳಿಗೆ ಬರುವ ಮೊದಲೇ ಉತ್ತರ ಬರೆಯುತ್ತೇನೆ.

ನಿನ್ನ,
ಗೆಳೆಯ